ಊಟ ಸೇರಿ ಸಂಸ್ಕೃತಿ

ಬಾಲಿಗೆ ಹೋಗಿ ಬರೀ ಬೀಚು ನೋಡಿಕೊಂಡು ಬಂದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮರ್ಯಾದೆ ಇಲ್ಲ. ಹಾಗಾಗಿ ನಾಲ್ಕನೆಯ ದಿನವನ್ನು ಸಂಸ್ಕೃತಿಗೆ ಬಿಟ್ಟುಕೊಟ್ಟೆವು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ಕಾರು, ಊಟ, ನೀರಿನ ಬಾಟಲಿ ಸೇರಿ ಪ್ಯಾಕೇಜು.

ದಾರಿಯಲ್ಲಿ ಒಂದೊಂದು ಊರಿಗೆ ಒಂದೊಂದು ಕಸುಬು. ಬಟುಬುಲಾನ್‌ನಲ್ಲಿ ಕಲ್ಲು, ಚೆಲುಕ್‌ನಲ್ಲಿ ಬೆಳ್ಳಿ, ಮಾಸ್‌ನಲ್ಲಿ ಮರ. ತಲೆಮಾರುಗಳ ಕೆಲಸಕ್ಕೆ ನಾವು ತಲಾ ಹದಿನೈದು ನಿಮಿಷ ಕೊಟ್ಟೆವು. ಅದರಲ್ಲಿ ಹತ್ತು ಸೆಲ್ಫಿಗೆ, ಐದು ಶೌಚಾಲಯಕ್ಕೆ.

ಆಮೇಲೆ ಬಾಟಿಕ್. ಹೆಂಗಸೊಬ್ಬಳು ಚಾಂಟಿಂಗ್ ಎಂಬ ಪುಟ್ಟ ಸಾಧನದಿಂದ ಬಟ್ಟೆಯ ಮೇಲೆ ಬಿಸಿ ಮೇಣದ ಗೆರೆ ಎಳೆಯುತ್ತಿದ್ದಳು. ಮೇಣ ಹಿಡಿದ ಕಡೆ ಬಣ್ಣ ಹತ್ತುವುದಿಲ್ಲ. ಕೊನೆಗೆ ಕುದಿನೀರಿನಲ್ಲಿ ಮೇಣ ಬಿಡಿಸಬೇಕು. ಇಂಡೋನೇಷ್ಯಾದ ಈ ವಿದ್ಯೆಯನ್ನು ಯುನೆಸ್ಕೊ 2009ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ನನ್ನ ಮಗ ನಲವತ್ತು ನಿಮಿಷದಲ್ಲಿ ಕಲಿತು ಮುಗಿಸಿದ. ಗೆರೆ ಅವಳದು, ಮೇಣ ಅವಳದು, ಕುದಿಸಿದವಳೂ ಅವಳೇ. ಇವನು ಒಂದು ಹೂವಿಗೆ ಗುಲಾಬಿ ಬಣ್ಣ ತುಂಬಿದ. ಸ್ಟೇಟಸ್‌ನಲ್ಲಿ ಮಾತ್ರ ‘ನನ್ನ ಕೈಕೆಲಸ’ ಎಂದು ಬಂತು. ಆಫೀಸು ಸೇರಿದರೆ ಬೇಗ ಮುಂದೆ ಬರುತ್ತಾನೆ.

ಮಧ್ಯಾಹ್ನ ಚನಾಂಗ್ ಸಾರಿಯ ಪಾಠ. ಬಾಲಿಯವರು ದಿನಾ ಮನೆ, ಅಂಗಡಿಗಳ ಮುಂದೆ ಇಡುವ ಹೂವಿನ ಅರ್ಪಣೆ ಅದು. ತೆಂಗಿನ ಎಳೆಗರಿಯ ತಟ್ಟೆ, ಬಿದಿರುಕಡ್ಡಿಯ ಹೊಲಿಗೆ. ತಲೆಗೆ ಎರಡು ಲಕ್ಷ ರುಪಿಯಾ, ನಮ್ಮ ದುಡ್ಡಿನಲ್ಲಿ ಸುಮಾರು ಸಾವಿರ. ವಯಸ್ಸಾದವರಿಗೆ ಬೋರಾಗುತ್ತದೆಂದು ಅಮ್ಮನಿಗೆ ದುಡ್ಡು ಕಟ್ಟಿರಲಿಲ್ಲ. ನಾನೂ ಹೆಂಡತಿಯೂ ಅರ್ಧ ಗಂಟೆ ಗರಿ ಹರಿದೆವು. ಗೋಡೆಗೊರಗಿ ಕೂತಿದ್ದ ಅಮ್ಮ, ನಾವು ಹಾಳುಮಾಡಿ ಬಿಸಾಡಿದ ಗರಿಗಳನ್ನೇ ಎತ್ತಿಕೊಂಡು ಮೂರು ತಟ್ಟೆ ಮುಗಿಸಿದರು. ಪಾಠ ಹೇಳುವಾಕೆ ಎದ್ದು ಬಂದು ಅಮ್ಮನ ಬೆರಳುಗಳನ್ನು ಹಿಡಿದು ನೋಡಿದಳು.

“ಅಜ್ಜಿ, ನಿಂಗೆ ಇದೆಲ್ಲ ಬರುತ್ತಾ?”

“ಮುತ್ತುಗದ ಎಲೆ ಹಚ್ಚಿ ಹಚ್ಚಿ ತಾನೇ ನಿಮ್ಮಪ್ಪನ್ನ ಓದಿಸಿದ್ದು!”

ನಾನು ನೆಟ್‌ವರ್ಕ್ ಹುಡುಕಿಕೊಂಡು ಹೊರಗೆ ಹೋದೆ.

ಸಂಜೆ ಉಬುದ್ ಮಾರ್ಕೆಟ್ಟಿನಲ್ಲಿ ಒಂದು ಮರದ ಬೆಕ್ಕು ಕೊಂಡೆವು. ಚೌಕಾಸಿ ಮಾಡದಿದ್ದರೆ ಅಂಗಡಿಯವನೇ ಬೇಜಾರು ಮಾಡಿಕೊಳ್ಳುವ ಜಾಗದಲ್ಲಿ, ಕಸುಬುದಾರರಿಗೆ ಪ್ರೋತ್ಸಾಹ ಕೊಡಬೇಕೆಂದು ಹೇಳಿದಷ್ಟು ಎಣಿಸಿಕೊಟ್ಟೆವು. ಚನ್ನಪಟ್ಟಣದಲ್ಲಿ ಆಲೆ ಮರ ಕಡೆದು ಅರಗಿನ ಬಣ್ಣ ಹಚ್ಚಿದ ಇನ್ನೂರು ರೂಪಾಯಿಯ ಗೊಂಬೆಯನ್ನು ನೂರಿಪ್ಪತ್ತಕ್ಕೆ ಇಳಿಸಿ, ಮೇಲೊಂದು ಬುಗುರಿ ಪುಕ್ಕಟೆ ಕೇಳಿದವರೂ ನಾವೇ.

ಈಗ ಆ ಚೌಕಾಸಿಯೂ ಇಲ್ಲ. 2023ರಲ್ಲಿ ಮೈಸೂರಿನ ಹೊಸ ಹೆದ್ದಾರಿ ಊರಾಚೆಯಿಂದ ಹಾದುಹೋದ ಮೇಲೆ ನಮ್ಮ ಕಾರು ಚನ್ನಪಟ್ಟಣದಲ್ಲಿ ನಿಂತಿಲ್ಲ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 60 ಕಿಲೊಮೀಟರ್. ವೀಸಾ ಬೇಡ, ಬೈಪಾಸ್ ಬಿಟ್ಟು ಊರೊಳಗೆ ಇಳಿಯಬೇಕು, ಅಷ್ಟೆ.