ವೀರನೇ, ಕೋರ್ಟಿಗೆ ಮಾತ್ರ ಹೋಗಬೇಡ

ಅಮೆರಿಕದಲ್ಲಿ ಸೈನಿಕನಿಗೆ ಸಿಗದ ಮರ್ಯಾದೆ ಇಲ್ಲ. ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಸಮವಸ್ತ್ರ ಕಂಡರೆ ಸಾಕು, ಮೊದಲು ಅವನನ್ನೇ ವಿಮಾನ ಹತ್ತಿಸುತ್ತಾರೆ. ಹೋಮ್ ಡಿಪೋ ಅಂಗಡಿಯಲ್ಲಿ ಸುತ್ತಿಗೆ, ಮೊಳೆಗೂ ರಿಯಾಯಿತಿ. ಬೇಸ್‌ಬಾಲ್ ಪಂದ್ಯದ ನಡುವೆ ಒಬ್ಬ ಯೋಧನ ಮುಖ ದೊಡ್ಡ ಪರದೆಗೆ ಬಂದರೆ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಒಂದೇ ಒಂದು ಕಡೆ ಅವನಿಗೆ ಬಾಗಿಲು ಹಾಕಿದೆ. ನ್ಯಾಯಾಲಯದಲ್ಲಿ.

ನಂಬಿಕೆ ಬರದಿದ್ದರೆ ಡೆಟ್ರಾಯಿಟ್ ಪಕ್ಕದ ಟೇಲರ್‌ಗೆ ಹೋಗಿ ಕೇಳಿ. ಇಲ್ಲಿ ನೆಲೆಸಿದ ನಮ್ಮ ಭಾರತೀಯರು ಅತ್ತ ಹೋಗುವುದಿಲ್ಲ, ಬಿಡಿ. ನಮ್ಮ ಮನೆಗಳು ಟ್ರಾಯ್, ನೋವೈ, ಕ್ಯಾಂಟನ್‌ನಂಥ ಉಪನಗರಗಳಲ್ಲಿ. ಅಲ್ಲಿ ಸ್ಕೂಲು ಚೆನ್ನಾಗಿದೆ.

ಟೇಲರ್‌ನ ರಹೀಲ್ ಸಿದ್ದಿಕಿ ಪಾಕಿಸ್ತಾನಿ ಮೂಲದ ಹುಡುಗ. ಹೈಸ್ಕೂಲಿಗೇ ಮೊದಲಿಗ. ಡಿಯರ್‌ಬಾರ್ನ್‌ನಲ್ಲಿ ಕಾಲೇಜು ಓದುತ್ತ, ಅದೇ ಹೋಮ್ ಡಿಪೋದಲ್ಲಿ ಕೆಲಸ ಮಾಡುತ್ತಿದ್ದ. ಮರೀನ್ ಪಡೆಗೆ ಸೇರಿದ. 2016ರ ಮಾರ್ಚ್ 7ರಂದು ದಕ್ಷಿಣ ಕೆರೊಲಿನಾದ ಪ್ಯಾರಿಸ್ ಐಲ್ಯಾಂಡ್ ಶಿಬಿರಕ್ಕೆ ಬಂದಿಳಿದ. 18ರಂದು ಸತ್ತ. ವಯಸ್ಸು 20.

ಆ ಬೆಳಿಗ್ಗೆ ಅವನೊಂದು ಚೀಟಿ ಬರೆದು ಕೊಟ್ಟಿದ್ದ. ಗಂಟಲು ಊದಿದೆ, ರಕ್ತ ಬರುತ್ತಿದೆ, ಮಾತು ಹೊರಡುತ್ತಿಲ್ಲ, ಡಾಕ್ಟರ ಹತ್ತಿರ ಕಳಿಸಿ ಅಂತ. ತರಬೇತಿಯ ಸಾರ್ಜೆಂಟ್ ಜೋಸೆಫ್ ಫೀಲಿಕ್ಸ್ ಡಾಕ್ಟರ ಹತ್ತಿರ ಕಳಿಸಲಿಲ್ಲ. ಬ್ಯಾರಕ್ಕಿನ ಈ ತುದಿಯಿಂದ ಆ ತುದಿಗೆ ಓಡಿಸಿದ. ಹುಡುಗ ನೆಲಕ್ಕೆ ಕುಸಿದ. ಫೀಲಿಕ್ಸ್ ಅವನ ಕೆನ್ನೆಗೆ ಬಿಗಿದ. ಸ್ವಲ್ಪ ಹೊತ್ತಿಗೆ ರಹೀಲ್ ಮೂರನೇ ಮಹಡಿಯ ಮೆಟ್ಟಿಲ ಬದಿಯಿಂದ ಕೆಳಗೆ ಬಿದ್ದಿದ್ದ. ದಾಖಲೆಯಲ್ಲಿ ಆತ್ಮಹತ್ಯೆ. ಹೆತ್ತವರು ಇದನ್ನು ಒಪ್ಪಿಲ್ಲ.

ಯಾವನೋ ಒಬ್ಬ ಸಿಟ್ಟಿನಲ್ಲಿ ಕೈ ಮಾಡಿದ ಕತೆಯಲ್ಲ ಇದು. ಹಿಂದಿನ ವರ್ಷ ಇದೇ ಫೀಲಿಕ್ಸ್ ಇನ್ನೊಬ್ಬ ಮುಸ್ಲಿಂ ಹುಡುಗನನ್ನು ಬಟ್ಟೆ ಒಣಗಿಸುವ ದೊಡ್ಡ ಯಂತ್ರಕ್ಕೆ ತುಂಬಿ ಗುಂಡಿ ಒತ್ತಿದ್ದ. ಒಳಗೆ ಅವನು ಬೇಯುತ್ತಿರುವಾಗ ಹೊರಗಿನಿಂದ ಧರ್ಮದ ವಿಚಾರಣೆ. ದೂರು ಬಂತು, ತನಿಖೆಯೂ ಶುರುವಾಯಿತು. ಆ ತನಿಖೆ ಮುಗಿಯುವ ಮುಂಚೆಯೇ ಅವನ ಕೈಗೆ ಹೊಸ ಬ್ಯಾಚು ಕೊಟ್ಟರು. ಆ ಬ್ಯಾಚಿನಲ್ಲಿ ರಹೀಲ್ ಇದ್ದ.

2017ರಲ್ಲಿ ಸೇನಾ ನ್ಯಾಯಾಲಯ ಫೀಲಿಕ್ಸ್‌ಗೆ ಹತ್ತು ವರ್ಷ ಶಿಕ್ಷೆ ಕೊಟ್ಟಿತು. ಸರಿ. ಅವನನ್ನು ಆ ಕೆಲಸದಲ್ಲಿ ಕೂರಿಸಿದವರು? ಹೆತ್ತವರು ಡೆಟ್ರಾಯಿಟ್‌ನ ಫೆಡರಲ್ ಕೋರ್ಟಿನಲ್ಲಿ ಸರ್ಕಾರದ ಮೇಲೆ ಹತ್ತು ಕೋಟಿ ಡಾಲರಿನ ದಾವೆ ಹೂಡಿದರು. ಕೋರ್ಟು ವಜಾ ಮಾಡಿತು. ಮೇಲಿನ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಹುಡುಗನಿಗೆ ಏನಾಯಿತು ಎಂಬ ಪ್ರಶ್ನೆಗೇ ಯಾರೂ ಬರಲಿಲ್ಲ. ಬರುವ ಅಗತ್ಯವೇ ಇರಲಿಲ್ಲ. ಫೆರೆಸ್ ಇದೆಯಲ್ಲ!

ಫೆರೆಸ್ ಎಂದರೆ 1950ರ ಸುಪ್ರೀಂ ಕೋರ್ಟಿನ ತೀರ್ಪು. ಸೇವೆಯಲ್ಲಿದ್ದಾಗ ಸೈನಿಕನಿಗೆ ಆದ ಹಾನಿಗೆ ಸರ್ಕಾರದ ಮೇಲೆ ಅವನು ದಾವೆ ಹೂಡುವಂತಿಲ್ಲ. ಅವನು ಸತ್ತರೆ ಹೆತ್ತವರೂ ಹೂಡುವಂತಿಲ್ಲ. ಆ ತೀರ್ಪಿನಲ್ಲಿ ಮೂರು ಪ್ರಕರಣ ಒಟ್ಟಿಗೆ ಇದ್ದವು. ಒಂದು, ಬ್ಯಾರಕ್ಕಿಗೆ ಬೆಂಕಿ ಬಿದ್ದು ಸತ್ತವನದು. ಇನ್ನೊಂದು, ಸೇನಾ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಸಿಕೊಂಡವನದು. ತಿಂಗಳುಗಟ್ಟಲೆ ಆದ ಮೇಲೆ ಮತ್ತೆ ಕೊಯ್ದಾಗ ಅವನ ಹೊಟ್ಟೆಯಿಂದ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಟವೆಲ್ ಬಂತು. ಅದರ ಮೇಲೆ ಸೇನಾ ವೈದ್ಯಕೀಯ ಇಲಾಖೆಯ ಮುದ್ರೆ. ಇದಕ್ಕಿಂತ ಸಾಕ್ಷಿ ಬೇಕೆ? ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಹಕ್ಕಿಲ್ಲ.

1963ರಲ್ಲಿ ಅದೇ ಸುಪ್ರೀಂ ಕೋರ್ಟು ಫೆಡರಲ್ ಜೈಲಿನ ಕೈದಿಗಳು ಸರ್ಕಾರದ ಮೇಲೆ ದಾವೆ ಹೂಡಬಹುದು ಎಂದಿತು. ಒಳ್ಳೆಯದೇ, ಕೈದಿಯೂ ಮನುಷ್ಯ. ಆದ್ದರಿಂದ ಮಗನಿಗೆ ದಾವೆ ಹೂಡುವ ಹಕ್ಕು ಇರಬೇಕೆಂದರೆ ಅವನನ್ನು ಸೈನ್ಯಕ್ಕೆ ಕಳಿಸುವುದಕ್ಕಿಂತ ಬ್ಯಾಂಕ್ ದರೋಡೆಗೆ ಕಳಿಸುವುದು ಮೇಲು.

ಸೈನಿಕರಿಗೆ ಆಗುವ ಅನ್ಯಾಯ ರಹೀಲ್‌ನಿಂದ ಶುರುವಾದದ್ದಲ್ಲ. ಶಿಕಾಗೋದಿಂದ ಉತ್ತರಕ್ಕೆ, ಮಿಷಿಗನ್ ಸರೋವರದ ದಡದಲ್ಲಿ ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರವಿದೆ. ಅಮೆರಿಕದ ನೌಕಾಪಡೆಗೆ ಸೇರುವ ಸಿಪಾಯಿ ದರ್ಜೆಯವರೆಲ್ಲ ಇಂದು ಇಲ್ಲೇ ಹಾದು ಹೋಗಬೇಕು. ಎರಡನೇ ಮಹಾಯುದ್ಧದಲ್ಲಿ ಇಂಥ ಎಳೆಯ ಸಿಪಾಯಿಗಳನ್ನೂ ನಾವಿಕರನ್ನೂ ಮಸ್ಟರ್ಡ್ ಗ್ಯಾಸ್ ಮುಂತಾದ ವಿಷಗಳ ಪ್ರಯೋಗಕ್ಕೆ ಬಳಸಿದರು. ಸುಮಾರು 60,000 ಜನ. ಕಪ್ಪು ಚರ್ಮ, ಜಪಾನಿ ಚರ್ಮ ಬೇರೆ ಥರ ಸುಡುತ್ತದೋ ಎಂದೂ ನೋಡಿದರು. ಇಂಗ್ಲಿಷರು ರಾವಲ್ಪಿಂಡಿಯಲ್ಲಿ ನಮ್ಮ ಭಾರತೀಯ ಸಿಪಾಯಿಗಳ ಮೇಲೆ ಅದನ್ನೇ ಮಾಡಿದ್ದರು. ಚರ್ಮದ ವಿಷಯದಲ್ಲಿ ಸಾಹೇಬರೆಲ್ಲ ಒಂದೇ ಶಾಲೆ.

ಹೊರಗೆ ಬಾಯಿ ಬಿಟ್ಟರೆ ಜೈಲು ಎಂದು ಹೆದರಿಸಿದ್ದರು. ಹುಡುಗರು ಅರ್ಧ ಶತಮಾನ ಹೆಂಡತಿಗೂ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. 1990ರ ದಶಕದಲ್ಲಿ ಸರ್ಕಾರ ತಪ್ಪೊಪ್ಪಿಕೊಂಡು, ಹೆಚ್ಚು ವಿಷ ಉಂಡ 4,000 ಜನರನ್ನು ಹುಡುಕಿ ಪರಿಹಾರ ಕೊಡುತ್ತೇವೆ ಎಂದಿತು. ಇಪ್ಪತ್ತು ವರ್ಷದಲ್ಲಿ ತಲುಪಿದ್ದು 610 ಜನರನ್ನು. 2015ರಲ್ಲಿ ಎನ್‌ಪಿಆರ್ ರೇಡಿಯೊದವರು ತಾವೇ ಹುಡುಕಲು ಕೂತರು. ಎರಡು ತಿಂಗಳಲ್ಲಿ 1,200ಕ್ಕೂ ಹೆಚ್ಚು ಜನ ಸಿಕ್ಕರು. ತೆರಿಗೆ ವಸೂಲಿಗೆ ಎಲ್ಲರ ವಿಳಾಸವೂ ಇರುವ ಸರ್ಕಾರ ಇದು.

ಹಳೆಯ ಕತೆ ಅನ್ನಬೇಡಿ. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು: ಡೆಟ್ರಾಯಿಟ್, ಶಿಕಾಗೋ ಮೊದಲಾದ ಊರುಗಳ ಎಷ್ಟೋ ಹೈಸ್ಕೂಲುಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳದೆಯೇ ಜೂನಿಯರ್ ಸೇನಾ ತರಬೇತಿಗೆ ಹಾಕಿದ್ದಾರೆ. ಹೆಚ್ಚಿನವರು ಬಡವರ ಮಕ್ಕಳು, ಬಿಳಿಯರಲ್ಲದವರ ಮಕ್ಕಳು. ಐದು ವರ್ಷದಲ್ಲಿ ದೇಶದಾದ್ಯಂತ ಈ ತರಬೇತಿಯ 33 ಶಿಕ್ಷಕರ ಮೇಲೆ ಲೈಂಗಿಕ ದುರ್ವರ್ತನೆಯ ಕ್ರಿಮಿನಲ್ ಮೊಕದ್ದಮೆ ಬಿದ್ದಿದೆ ಎಂದೂ ಅದೇ ಪತ್ರಿಕೆ ಬರೆದಿತ್ತು. ಶಿಕಾಗೋ ಉಪನಗರ ನೇಪರ್‌ವಿಲ್‌ನ ನಮ್ಮ ಮಕ್ಕಳು ರೋಬಾಟಿಕ್ಸ್ ಕ್ಲಬ್ಬಿಗೆ. ಡೆಟ್ರಾಯಿಟ್‌ನ ಅವರ ಮಕ್ಕಳು ಕವಾಯತಿಗೆ. ದೇಶಪ್ರೇಮ ಎಲ್ಲರಿಗೂ ಇದೆ, ಬೂಟು ಮಾತ್ರ ಬೇರೆಯವರ ಕಾಲಿಗೆ.

ಆ ಪ್ರೇಮಕ್ಕೆ ನಮ್ಮ ವಾಟ್ಸ್ಆ್ಯಪ್ ಗುಂಪುಗಳೇ ಸಾಕ್ಷಿ. ಸಿಯಾಚಿನ್ ಹಿಮದಲ್ಲಿ ನಿಂತ ಯೋಧನ ಚಿತ್ರ, ಕೆಳಗೆ ಕೈಮುಗಿದ ಗುರುತು. 2017ರಲ್ಲಿ ಭಾರತದ ಗಡಿ ಭದ್ರತಾ ಪಡೆಯ ಜವಾನನೊಬ್ಬ ತನ್ನ ತಟ್ಟೆಯ ನೀರುಬೇಳೆಯನ್ನು ವಿಡಿಯೊ ಮಾಡಿ ಹಾಕಿದ. ಅವನನ್ನು ಕೆಲಸದಿಂದ ಕಿತ್ತರು. ಕೈಮುಗಿದವರಲ್ಲಿ ಎಷ್ಟು ಜನ ಅವನ ಪರ ನಿಂತರು? ಹಿಮದಲ್ಲಿ ಮೌನವಾಗಿ ನಿಂತರೆ ಯೋಧ. ಹಸಿವು ಎಂದರೆ ಅಶಿಸ್ತು.

ನ್ಯಾಯ ಕೊಡಲು ಮನಸ್ಸಿದ್ದವರು ಕೊಟ್ಟಿದ್ದಾರೆ. ದಶಕಗಳ ಹಿಂದೆ ಹದಿನೈದು, ಹದಿನಾರರ ವಯಸ್ಸಿನಲ್ಲಿ ನೌಕಾಪಡೆಗೆ ಸೇರಿ ದೌರ್ಜನ್ಯ ಉಂಡವರ ದೂರನ್ನೂ ಆಸ್ಟ್ರೇಲಿಯಾ ಕೇಳಿತು. 2012ರಲ್ಲಿ ರಕ್ಷಣಾ ಸಚಿವರು ಸಂಸತ್ತಿನಲ್ಲೇ ಕ್ಷಮೆ ಕೇಳಿದರು. ತಲಾ 50,000 ಡಾಲರಿನವರೆಗೆ ಪರಿಹಾರ ಕೊಟ್ಟರು. ಆ ದೇಶವೇನೂ ಮುಳುಗಲಿಲ್ಲ.

ಅಮೆರಿಕದ ಸಂಸತ್ತು 2019ರಲ್ಲಿ ಒಂದು ಕಿಟಕಿ ತೆರೆಯಿತು. ಸೇನಾ ಆಸ್ಪತ್ರೆಯ ತಪ್ಪು ಚಿಕಿತ್ಸೆಗೆ ಮಾತ್ರ ಪರಿಹಾರ ಕೇಳಬಹುದು. ಅದೂ ಕೋರ್ಟಿನಲ್ಲಲ್ಲ, ರಕ್ಷಣಾ ಇಲಾಖೆಯಲ್ಲೇ. ದೂರು ಇಲಾಖೆಯ ಮೇಲೆ, ತೀರ್ಮಾನವೂ ಇಲಾಖೆಯದೇ. ಕೆನ್ನೆಗೆ ಬಿದ್ದ ಏಟು, ಬಟ್ಟೆ ಯಂತ್ರದ ಬಿಸಿ ಚಿಕಿತ್ಸೆಯ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ಬದಲಿಸಬಲ್ಲವರು ಸಂಸದರು. ಶಿಕಾಗೋ, ಡೆಟ್ರಾಯಿಟ್ ಎರಡೂ ಕಡೆ ಅವರು ನಮ್ಮ ದೀಪಾವಳಿ ಊಟಕ್ಕೆ ಬರುತ್ತಾರೆ. ಹೋಳಿಗೆ ತಿಂದು, ಶಾಲು ಹೊದೆಸಿಕೊಂಡು, ಫೋಟೊಗೆ ನಿಲ್ಲುತ್ತಾರೆ. ಪಕ್ಕದಲ್ಲಿ ನಿಂತಾಗ ವೀಸಾ ವಿಚಾರ ಆಮೇಲೆ ಎತ್ತಿ. ಫೆರೆಸ್ ಯಾವಾಗ ತೆಗೆಯುತ್ತೀರಿ ಎಂದು ಮೊದಲು ಕೇಳಿ. ಹಾಗೆಂದರೇನು ಎಂದು ಹುಬ್ಬೇರಿಸಿದರೆ ಟವೆಲ್ಲಿನ ಅಳತೆ ಹೇಳಿ.