ಓಪನಿಂಗ್ ಬ್ಯಾಂಡಿನ ಲಕ್ಷಣಗಳು

ಕ್ಲಬ್ಬಿನಲ್ಲಿ ಮುಖ್ಯ ಬ್ಯಾಂಡಿಗಿಂತ ಮೊದಲು, ಹೆಚ್ಚಾಗಿ ಜನ ಬರುವುದಕ್ಕಿಂತಲೂ ಮೊದಲು, ನುಡಿಸುವ ತಂಡಕ್ಕೆ ಓಪನಿಂಗ್ ಬ್ಯಾಂಡ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಇದು ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆ ವಾರಾಂತ್ಯದ ಸಂಜೆ ಕಾಣಸಿಗುತ್ತದೆ. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ ವೇಷದ ಹುಡುಗರು ಕುಣಿಯುವಾಗ ಸಭಿಕರು ಇನ್ನೂ ಜಾಗ ಹುಡುಕುತ್ತ, ನೆಲಗಡಲೆ ಕೊಳ್ಳುತ್ತ ಇರುತ್ತಾರೆ. ಈ ಬ್ಯಾಂಡಿನ ಸ್ಥಾನವೂ ಅದೇ. ಆದರೆ ಕೋಡಂಗಿಗೆ ತಾನು ಕೋಡಂಗಿಯೆಂದು ಗೊತ್ತಿರುತ್ತದೆ.

ತಂಡದಲ್ಲಿ ಸಾಮಾನ್ಯವಾಗಿ ನಾಲ್ವರು. ಲೀಡ್ ಗಿಟಾರಿನವನು ಹಗಲು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತಾನೆ. ಬೇಸ್ ನುಡಿಸುವವನು ಮೂಲತಃ ಗಿಟಾರಿಸ್ಟನೇ. ತಂಡಕ್ಕೆ ಇಬ್ಬರು ಗಿಟಾರಿಸ್ಟರು ಹೆಚ್ಚೆನಿಸಿದಾಗ ಚೀಟಿ ಎತ್ತಿ ಸೋತವನು. ಡ್ರಮ್ ಅಭ್ಯಾಸಕ್ಕೆ ಯಾವ ಅಪಾರ್ಟ್‌ಮೆಂಟ್ ಸಂಘವೂ ಒಪ್ಪದ ಕಾರಣ ಡ್ರಮ್ಮರುಗಳು ವಿರಳ. ಹೀಗಾಗಿ ಒಬ್ಬನೇ ಡ್ರಮ್ಮರ್ ನಾಲ್ಕು ಬ್ಯಾಂಡುಗಳಲ್ಲಿರುತ್ತಾನೆ, ನಾಲ್ಕೂ ಅವನನ್ನು ತಮ್ಮವನೆಂದೇ ನಂಬಿರುತ್ತವೆ. ಗಾಯಕನಿಗೆ ಹೊರಲು ವಾದ್ಯವಿಲ್ಲ. ಗಂಟಲು ಸರಿಯಿಲ್ಲವೆಂಬ ದೂರನ್ನು ಹೊತ್ತು ತರುತ್ತಾನೆ. ಬ್ಯಾಂಡಿಗೆ ಎರಡು ಪದಗಳ ಭಯಂಕರ ಇಂಗ್ಲಿಷ್ ಹೆಸರಿದ್ದರೂ ಮನೆಯವರು ಅದನ್ನು ‘ಇವನ ಆರ್ಕೆಸ್ಟ್ರಾ’ ಎಂದೇ ಕರೆಯುತ್ತಾರೆ.

ನಗರದಲ್ಲಿ ಬ್ಯಾಂಡುಗಳು ಹೆಚ್ಚು, ವೇದಿಕೆಗಳು ಕಡಿಮೆ. ಬಾರು, ರೆಸ್ಟೋರೆಂಟುಗಳಲ್ಲಿ ಸಂಗೀತಕ್ಕೆ ಪೊಲೀಸ್ ಪರವಾನಗಿ ಬೇಕೆಂಬ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಹಲವು ಕಡೆ ಲೈವ್ ಸಂಗೀತ ನಿಂತು, ಸರದಿ ಇನ್ನೂ ಉದ್ದವಾಯಿತು. ಆದ್ದರಿಂದ ಕರೆ ಬಂದರೆ ಸಾಕು, ಷರತ್ತು ಯಾರೂ ಕೇಳುವುದಿಲ್ಲ. ಮ್ಯಾನೇಜರ್ ಮಾತ್ರ ಒಂದು ಪ್ರಶ್ನೆ ಕೇಳುತ್ತಾನೆ. ಅದು ಸಂಗೀತಕ್ಕೆ ಸಂಬಂಧಿಸಿದ್ದಲ್ಲ: “ಎಷ್ಟು ಜನ ಕರ್ಕೊಂಡ್ ಬರ್ತೀರಾ?”

ಸೌಂಡ್‌ಚೆಕ್ ನಡೆಯುವುದು ಉಲ್ಟಾ ಕ್ರಮದಲ್ಲಿ. ಮುಖ್ಯ ಬ್ಯಾಂಡಿನದು ಮೊದಲು, ಓಪನಿಂಗ್ ಬ್ಯಾಂಡಿನದು ಕೊನೆಗೆ. ಕೊನೆಗೆ ಜೋಡಿಸಿದ್ದು ಹಾಗೇ ಉಳಿಯುವುದರಿಂದ ಕಾರ್ಯಕ್ರಮವನ್ನು ನೇರವಾಗಿ ಶುರುಮಾಡಬಹುದು ಎಂಬುದು ಇದರ ಹಿಂದಿನ ತರ್ಕ. ತರ್ಕ ಸರಿಯಾಗಿಯೇ ಇದೆ. ಆದರೆ ನಾಲ್ಕು ಗಂಟೆಗೆ ಬರಬೇಕಾದ ಮುಖ್ಯ ಬ್ಯಾಂಡು ಬರುವುದು ಆರೂವರೆಗೆ. ಅದರ ಚೆಕ್ ಮುಗಿಯುವಷ್ಟರಲ್ಲಿ ಗಿರಾಕಿಗಳು ಒಳಗೆ ಬಂದಿರುತ್ತಾರೆ. ಓಪನಿಂಗ್ ಬ್ಯಾಂಡಿಗೆ ಉಳಿಯುವುದು “ಚೆಕ್, ಒನ್ ಟೂ” ಅಷ್ಟೇ. ಸೌಂಡ್ ಎಂಜಿನಿಯರ್ ತಲೆಯಾಡಿಸಿದರೆ ಧ್ವನಿ ಸರಿಯಾಯಿತೆಂದು ತಿಳಿಯಬಾರದು, ಸಮಯ ಮುಗಿಯಿತೆಂದು ತಿಳಿಯಬೇಕು. ವೇದಿಕೆಯ ನಡುವೆ ಕೂತ ಮುಖ್ಯ ಬ್ಯಾಂಡಿನ ಡ್ರಮ್ ಸೆಟ್ಟನ್ನು ಕದಲಿಸುವಂತಿಲ್ಲ. ಉಳಿದ ಪಟ್ಟಿಯಲ್ಲೇ ಎಲ್ಲರೂ ನಿಲ್ಲಬೇಕು. ಬೇಸ್ ನುಡಿಸುವವನು ಸ್ಪೀಕರಿನ ಹಿಂದೆ ಕಾಣದಾಗುತ್ತಾನೆ. ಅವನನ್ನು ಧ್ವನಿಯಿಂದಲೇ ಗುರುತಿಸಬೇಕು, ಅದೂ ಕೇಳಿಸುವುದಿಲ್ಲ.

ನಿಗದಿಯಾದ ಅವಧಿ ಅರ್ಧ ಗಂಟೆ. ಕ್ಲಬ್ಬು ರಾತ್ರಿ ಒಂದಕ್ಕೆ ಮುಚ್ಚಲೇಬೇಕು, ಮುಖ್ಯ ಬ್ಯಾಂಡಿನ ಹಾಡು ಕಡಿಮೆಯಾಗುವಂತಿಲ್ಲ. ಹಾಗಾಗಿ ತಡವಾದಷ್ಟೂ ಕತ್ತರಿ ಬೀಳುವುದು ಈ ಅರ್ಧ ಗಂಟೆಗೇ. ಉಳಿದದ್ದರಲ್ಲಿ ಶ್ರುತಿ ಮಾಡಿಕೊಳ್ಳುವುದು, ಪೆಡಲಿನ ಒಂಬತ್ತು ವೋಲ್ಟಿನ ಬ್ಯಾಟರಿ ಸತ್ತರೆ ಬದಲಿಸುವುದು, “ಮಾನಿಟರಲ್ಲಿ ವೋಕಲ್ಸ್ ಸ್ವಲ್ಪ ಜಾಸ್ತಿ ಮಾಡಿ ಗುರು” ಎಂದು ಬೇಡಿಕೊಳ್ಳುವುದು, ಸದಸ್ಯರ ಪರಿಚಯ ಇವೆಲ್ಲ ಸೇರುತ್ತವೆ. ಇಷ್ಟಾದ ಮೇಲೆ ಏಳು ನಿಮಿಷದ ಸ್ವಂತ ರಚನೆ ಬರುತ್ತದೆ. ಅದರ ನಡುವೆ ಹಿಂದಿನ ಸಾಲಿನಿಂದ ಯಾರೋ ಮೆಟಾಲಿಕಾ ಹಾಡು ಕೇಳುತ್ತಾರೆ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಅದೇ ಮೆಟಾಲಿಕಾಕ್ಕಿಂತ ಮೊದಲು ಬೆಂಗಳೂರಿನ ಇನ್ನರ್ ಸ್ಯಾಂಕ್ಟಮ್ ನುಡಿಸಿತ್ತು. ಊರಿನ ಪ್ರತಿಯೊಂದು ಓಪನಿಂಗ್ ಬ್ಯಾಂಡೂ ಉಸಿರು ಹಿಡಿದುಕೊಂಡಿರುವುದು ಈ ಒಂದು ಉದಾಹರಣೆಯ ಮೇಲೆ.

ಪ್ರೇಕ್ಷಕರಲ್ಲಿ ಸ್ನೇಹಿತರು, ಆಫೀಸಿನವರು ಮತ್ತು ಕಿವಿಗೆ ಹತ್ತಿ ಇಟ್ಟುಕೊಂಡ ಡ್ರಮ್ಮರನ ಚಿಕ್ಕಮ್ಮ ಇರುತ್ತಾರೆ. ಬ್ಯಾಂಡು ಇಳಿದೊಡನೆ “ಸಖತ್ತಾಗಿತ್ತು ಮಗಾ, ಆದ್ರೆ ಹಾಡು ಕೇಳಿಸ್ಲಿಲ್ಲ” ಎಂಬ ವಿಮರ್ಶೆ ಸಿಗುತ್ತದೆ.

ಸಂಭಾವನೆ ತಲಾ ಎರಡು ಪಾನೀಯದ ಕೂಪನ್, ಎಲ್ಲರಿಗೂ ಸೇರಿ ಒಂದು ಪ್ಲೇಟ್ ಫ್ರೆಂಚ್ ಫ್ರೈಸ್ ಮತ್ತು ‘ಎಕ್ಸ್‌ಪೋಷರ್’. ಆಂಪ್ಲಿಫೈಯರ್ ಸಾಗಿಸಿದ ಗಾಡಿಯ ಬಾಡಿಗೆ ಇದಕ್ಕಿಂತ ಹೆಚ್ಚು. ಕರೆತಂದ ಸ್ನೇಹಿತರ ಬಿಲ್ಲು ಕ್ಲಬ್ಬಿನ ಗಲ್ಲಾಪೆಟ್ಟಿಗೆಗೆ ಸೇರುತ್ತದೆ. ಲೆಕ್ಕ ಹಾಕಿ ನೋಡಿದರೆ ಕ್ಲಬ್ಬಿಗೆ ಕೈಯಿಂದ ಖರ್ಚುಮಾಡಿ ಗಿರಾಕಿ ಹಿಡಿದುಕೊಟ್ಟವರು ಇವರೇ.

ಓಪನಿಂಗ್ ಬ್ಯಾಂಡಿನ ಆಯುಸ್ಸು ಒಬ್ಬ ಸದಸ್ಯ ಎಂ.ಎಸ್. ಓದಲು ಅಮೆರಿಕಕ್ಕೆ ಹೋಗುವವರೆಗೆ, ಇಲ್ಲವೇ ಇನ್ನೊಬ್ಬನಿಗೆ ಮದುವೆ ಗೊತ್ತಾಗುವವರೆಗೆ. ಇವೆರಡನ್ನೂ ದಾಟಿದ ಕೆಲವು ಮುಖ್ಯ ಬ್ಯಾಂಡುಗಳಾಗುತ್ತವೆ. ಅವು ಮೊಟ್ಟಮೊದಲು ಕಲಿಯುವ ವಿದ್ಯೆ, ಸೌಂಡ್‌ಚೆಕ್ಕಿಗೆ ಆರೂವರೆಗೆ ಬರುವುದು.