ಹಾರದ ರಾಕೆಟ್ಟಿಗೆ ಮೂರು ಕೋಟು ಬಣ್ಣ

ನಮ್ಮ ಮನೆಗೆ ಬಂದವರು ಟೀವಿ ಪಕ್ಕದಲ್ಲಿ ನಿಂತಿರುವ ಪಿಎಸ್‌ಎಲ್‌ವಿ ರಾಕೆಟ್ಟನ್ನು ಮೊದಲು ದೂರದಿಂದ ನೋಡುತ್ತಾರೆ. ಆಮೇಲೆ ಹತ್ತಿರ ಬಂದು ಬೆರಳಲ್ಲಿ ತಟ್ಟಿ, ರಟ್ಟೋ ಕಬ್ಬಿಣವೋ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಕಾಫಿ ಲೋಟ ಕೈಗೆ ಬರುವ ಹೊತ್ತಿಗೆ ಪ್ರಶ್ನೆಯೂ ಬರುತ್ತದೆ: “ಹಾರ್ತೈತಾ?”

ಹಾರಲ್ಲ ಅಂದ ತಕ್ಷಣ ಅವರ ಮುಖದಲ್ಲಿ ಮೂಡುವ ಭಾವ ನನಗೆ ಬಾಯಿಪಾಠ. ಹಾಲು ಕೊಡದ ಎಮ್ಮೆಗೆ ಇಷ್ಟೊಂದು ಹಿಂಡಿ ಯಾಕಪ್ಪ ಹಾಕ್ತೀಯ ಅನ್ನುವ ಭಾವ. ಶಿರಾ ಸೀಮೆಯ ತಾವರೆಕೆರೆಯಂಥ ಊರಿನಲ್ಲಿ ಬಸ್‌ಸ್ಟ್ಯಾಂಡ್ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು ರಾತ್ರಿ ಹೊತ್ತು ರಾಕೆಟ್ ಕಟ್ಟುತ್ತಾನೆ ಅನ್ನುವುದೇ ಜನಕ್ಕೆ ಜೀರ್ಣವಾಗದ ವಿಷಯ. ಕಟ್ಟಿದ ಮೇಲೆ ಅದು ಹಾರುವುದೂ ಇಲ್ಲ ಅಂದರೆ ಏನು ಮಾಡಬೇಕು? ಅರಳಿಕಟ್ಟೆ ಮೇಲೆ ಇಸ್ಪೀಟು ಆಡುವವರನ್ನು ಮಾತ್ರ ಇದರಿಂದ ಏನು ಬರುತ್ತೆ ಎಂದು ಯಾರೂ ಕೇಳುವುದಿಲ್ಲ. ಏನು ಹೋಗುತ್ತೆ ಅನ್ನುವುದು ಎಲ್ಲರಿಗೂ ಗೊತ್ತಿರುವುದರಿಂದ ಇರಬೇಕು.

ಹಾರುವ ಆಟದ ರಾಕೆಟ್‌ಗಳು ಇಲ್ಲವೆಂದಲ್ಲ. ಅಮೆರಿಕದಲ್ಲಿ ಅದೊಂದು ದೊಡ್ಡ ಹವ್ಯಾಸ. ನೆಬ್ರಾಸ್ಕಾದಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದ ಆರ್ವಿಲ್ ಕಾರ್ಲೈಲ್ ಎನ್ನುವವನು 1954ರ ಸುಮಾರಿಗೆ ರಟ್ಟಿನ ಕೊಳವೆ, ತೆಳು ಮರದ ರೆಕ್ಕೆ, ಪುಟ್ಟ ಮದ್ದಿನ ಮೋಟರು, ಇಳಿಯುವುದಕ್ಕೊಂದು ಪ್ಯಾರಾಚೂಟು ಸೇರಿಸಿ ಇದನ್ನು ಶುರು ಮಾಡಿದ. ಚಪ್ಪಲಿ ಅಂಗಡಿಯವನು ಮಾಡಬಹುದಾದರೆ ಜೆರಾಕ್ಸ್ ಅಂಗಡಿಯವನು ಯಾಕೆ ಮಾಡಬಾರದು? ಆದರೆ ಅವನ ದೇಶದಲ್ಲಿ ಆ ಮೋಟರು ಇವತ್ತು ಅಂಗಡಿಯಲ್ಲಿ ಸಿಗುತ್ತದೆ. ನಮ್ಮಲ್ಲಿ ಮನೆಯಲ್ಲಿ ಕೂತು ಕೊಳವೆಗೆ ಮದ್ದು ತುಂಬಿದರೆ 1884ರ ಸ್ಫೋಟಕ ಕಾಯ್ದೆ ಎದ್ದು ಬಂದು ಬಾಗಿಲು ತಟ್ಟುತ್ತದೆ.

ಈ ಕಾಯ್ದೆ ಮಾಡಿದವರು ಇಂಗ್ಲಿಷರು ಅನ್ನುವುದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. 1761ರಲ್ಲಿ ಶಿರಾದ ನವಾಬ ಎಂಬ ಪಟ್ಟ ಪಡೆದ ಹೈದರಾಲಿಯ ಅಪ್ಪ ರಾಕೆಟ್ ಹಾರಿಸುವ ಸಿಪಾಯಿಗಳ ಮುಖಂಡನಾಗಿದ್ದವನು. ಹೈದರ್ ಮತ್ತು ಟಿಪ್ಪು ಕಬ್ಬಿಣದ ಕೊಳವೆಗೆ ಮದ್ದು ಗಿಡಿದು, ಬಿದಿರಿಗೆ ಕಟ್ಟಿ, 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಇಂಗ್ಲಿಷರ ಮೇಲೆ ಬಿಟ್ಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಸಾಗಿಸಿದರು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ನೋಡಿ ಕಲಿತು ತನ್ನ ಹೆಸರಿನ ರಾಕೆಟ್ ಮಾಡಿದ. ನಮ್ಮ ಕೈಲಿ ಪೆಟ್ಟು ತಿಂದರು, ನಮ್ಮಿಂದಲೇ ಕಲಿತರು, ಆಮೇಲೆ ನಮ್ಮನ್ನೇ ಲೈಸೆನ್ಸ್ ಎಲ್ಲಿ ಅಂದರು.

ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರ ಜುಲೈನಲ್ಲಿ ಒಂದು ಹಾಳುಬಾವಿ ಅಗೆದಾಗ ಆ ಕಾಲದ ರಾಕೆಟ್‌ಗಳು ಸಿಕ್ಕಿದವು. ಒಂದೆರಡಲ್ಲ, 1000ಕ್ಕೂ ಹೆಚ್ಚು. ಈಗ ಶಿವಮೊಗ್ಗದ ಮ್ಯೂಸಿಯಂ ಪಾಲಾಗಿವೆ. ಸುದ್ದಿ ಓದಿ ನನಗೆ ಆದ ಸಂತೋಷ ಇತಿಹಾಸ ಮೇಷ್ಟ್ರುಗಳಿಗೂ ಆಗಿರಲಿಕ್ಕಿಲ್ಲ. ಯಾಕೆಂದರೆ ಅಷ್ಟರಲ್ಲಿ ಒಂದೂ ಹಾರಿರಲಿಲ್ಲ! ಹಾರಿದ ರಾಕೆಟ್‌ಗಳು ಗದ್ದೆ ಬಯಲಲ್ಲಿ ಚೂರಾದವು, ಅವುಗಳ ಮುಖ ಇವತ್ತು ಯಾರಿಗೂ ಗೊತ್ತಿಲ್ಲ. ಹಾರದೆ ಬಾವಿಯಲ್ಲಿ ಬಿದ್ದಿದ್ದವುಗಳಿಗೆ ಗಾಜಿನ ಪೆಟ್ಟಿಗೆ, ದೀಪ, ಪಕ್ಕದಲ್ಲಿ ವಿವರದ ಚೀಟಿ. ಈಗ ಯಾರಾದರೂ “ಹಾರ್ತೈತಾ” ಅಂದರೆ ನಾನು ನಗರದ ಬಾವಿಯ ಕಥೆ ಹೇಳುತ್ತೇನೆ. ಅಷ್ಟರಲ್ಲಿ ಅವರ ಕಾಫಿ ಮುಗಿದಿರುತ್ತದೆ.

ನಿಜವಾದ ಪಿಎಸ್‌ಎಲ್‌ವಿಯ ಗತಿಯೂ ಅಷ್ಟೇ ಅಲ್ಲವೇ? 44 ಮೀಟರ್ ಎತ್ತರ, 320 ಟನ್ ತೂಕ. ತಿಂಗಳುಗಟ್ಟಲೆ ಒರೆಸಿ ತೊಳೆದು ನಿಲ್ಲಿಸುತ್ತಾರೆ. ಬೆಂಕಿ ಹಚ್ಚಿ ಎರಡು ನಿಮಿಷ ತುಂಬುವ ಮೊದಲೇ ಮೊದಲ ಹಂತ ಕಳಚಿ ಸಮುದ್ರಕ್ಕೆ ಬೀಳುತ್ತದೆ, ಮೈಮೇಲಿನ ಬಣ್ಣದ ಸಮೇತ. 1993ರ ಸೆಪ್ಟೆಂಬರಿನಲ್ಲಿ ಮೊದಲನೆಯ ಪಿಎಸ್‌ಎಲ್‌ವಿ ಪೂರ್ತಿಯಾಗಿಯೇ ಕೈಕೊಟ್ಟಿತು. ಮುಂದಿನ ವರ್ಷ ಎರಡನೆಯದು ಗೆದ್ದಿತು. ನನ್ನ ಪಿಎಸ್‌ಎಲ್‌ವಿ ಇವತ್ತಿನವರೆಗೆ ಒಂದು ಸಲವೂ ಫೇಲಾಗಿಲ್ಲ.

ಅಷ್ಟಕ್ಕೂ ಇಸ್ರೋದವರೇ ಹಾರದ ರಾಕೆಟ್ ಕಟ್ಟುತ್ತಾರೆ. ಉಡಾವಣೆಗೆ ಮುಂಚೆ ಪುಟ್ಟದೊಂದು ಮಾದರಿ ಹಿಡಿದುಕೊಂಡು ತಿರುಪತಿ ಬೆಟ್ಟ ಹತ್ತಿ ವೆಂಕಟರಮಣನ ಮುಂದೆ ಇಟ್ಟು ಬರುತ್ತಾರೆ. ಚಂದ್ರಯಾನ-3ಕ್ಕೂ ಹಾಗೇ ಮಾಡಿದರು. ಫೋಟೊದಲ್ಲಿ ಆ ಮಾದರಿಯ ಬಣ್ಣವನ್ನು ಕಣ್ಣು ಕಿರಿದು ಮಾಡಿಕೊಂಡು ನೋಡಿದ್ದೇನೆ. ಕೆಲಸ ನೀಟಾಗಿದೆ. ನಮ್ಮ ಪಕ್ಕದ ಮನೆ ಅಜ್ಜನಿಗೆ ತಕರಾರು ಇದ್ದದ್ದು ಬೇರೆ ವಿಷಯಕ್ಕೆ. “ತಿಮ್ಮಪ್ಪಂಗೆ ಕೈ ಮುಗಿದು ಬಂದೋರು ಆಷಾಢದಾಗೆ ಯಾಕ್ಲಾ ಹಾರ್ಸಿದ್ರು?” 2023ರ ಜುಲೈ 14 ಆಷಾಢವೇ ಹೌದು. ಚಂದ್ರನ ಮೇಲೆ ಇಳಿದದ್ದು ಆಗಸ್ಟ್ 23, ಶ್ರಾವಣ. “ಗೃಹಪ್ರವೇಶ ಶ್ರಾವಣದಾಗೇ ಆಯ್ತಲ್ಲ ತಾತ” ಅಂದೆ. ಸ್ವಲ್ಪ ಸಮಾಧಾನವಾದರು. ಮಂಗಳಯಾನವನ್ನು 2013ರ ನವೆಂಬರ್ 5ರ ಮಂಗಳವಾರ ಬಿಟ್ಟದ್ದನ್ನು ಮಾತ್ರ ಅವರಿಗೆ ಇನ್ನೂ ತಿಳಿಸಿಲ್ಲ.

ಇದೇ ಅಜ್ಜನ ಕೈಯಲ್ಲಿ ಹಳೆಯ ಎಚ್‌ಎಂಟಿ ವಾಚಿದೆ. ತುಮಕೂರಿನ ಎಚ್‌ಎಂಟಿ ಕಾರ್ಖಾನೆ ಮುಚ್ಚಿ ಅದರ ಜಾಗ ಇಸ್ರೋಗೆ ಹೋಯಿತು ಅಂದಾಗ ವಾಚಿಗೆ ಕೀ ಕೊಡುತ್ತಾ, “ಬಿಡು, ಅಲ್ಲಿ ಮಾಡಿದ ರಾಕೆಟ್ಟು ಟೈಮಿಗೆ ಸರಿಯಾಗಿ ಹೊರಡ್ತವೆ” ಅಂದರು. ಇನ್ನೊಂದು ದಿಕ್ಕಿಗೆ, ಹಿರಿಯೂರು ದಾಟಿ ಚಳ್ಳಕೆರೆ ಕಡೆ ಹೋದರೆ, ಅಲ್ಲಿಯ ಪರೀಕ್ಷಾ ಬಯಲಿನಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿಗೆ ಕಟ್ಟಿ ನಾಲ್ಕೂವರೆ ಕಿಲೊಮೀಟರ್ ಮೇಲಿಂದ ಬಿಟ್ಟರು. ಅದು ತಾನಾಗಿ ರನ್‌ವೇ ಹುಡುಕಿಕೊಂಡು ಇಳಿಯಿತು. ಅದೂ ಮುಂದೆ ಕಟ್ಟಬೇಕಾದ ದೊಡ್ಡ ವಾಹನದ ಚಿಕ್ಕ ಮಾದರಿಯೇ. ಹಾಗಾಗಿ ಒಂದು ಕಡೆ ತುಮಕೂರು, ಇನ್ನೊಂದು ಕಡೆ ಚಳ್ಳಕೆರೆ, ನಡುವೆ ತಾವರೆಕೆರೆಯ ಟೀವಿ ಸ್ಟ್ಯಾಂಡು. ಈ ಸಾಲಿಗೆ ನನ್ನನ್ನು ಸೇರಿಸಿಕೊಂಡದ್ದು ನಾನೇ, ಬೇರೆಯವರು ಯಾರೂ ಇನ್ನೂ ಸೇರಿಸಿಲ್ಲ.

ಕಟ್ಟುವುದು ಕಷ್ಟವಲ್ಲ, ಲೆಕ್ಕ ಸರಿ ಇರಬೇಕು ಅಷ್ಟೆ. ನಲವತ್ತರಲ್ಲಿ ಒಂದು ಪಾಲು ಅಂದುಕೊಂಡರೆ ಎತ್ತರ 110 ಸೆಂಟಿಮೀಟರ್ ಆಗುತ್ತದೆ. ಪಿಎಸ್‌ಎಲ್‌ವಿಯ ಹೊಟ್ಟೆ 2.8 ಮೀಟರ್, ನನ್ನದಕ್ಕೆ 7 ಸೆಂಟಿಮೀಟರ್. ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರ್ ಸುತ್ತಿ ಬರುವ ರಟ್ಟಿನ ಕೊಳವೆಗಳನ್ನು ಅಳೆಯುತ್ತಾ ಹೋದರೆ ಅಷ್ಟೇ ದಪ್ಪದ್ದೊಂದು ಸಿಕ್ಕೇ ಸಿಗುತ್ತದೆ. ಯಾವುದೋ ಹುಟ್ಟುಹಬ್ಬದ ಶುಭಾಶಯ ಸುತ್ತಿಕೊಂಡಿದ್ದ ಕೊಳವೆ ಇವತ್ತು ನಮ್ಮ ಮನೆಯಲ್ಲಿ ದೇಶಸೇವೆಯಲ್ಲಿದೆ. ಪಕ್ಕಕ್ಕೆ ಅಂಟಿಕೊಂಡ ಆರು ಮರಿ ರಾಕೆಟ್‌ಗಳು ತಲಾ 1 ಮೀಟರ್ ದಪ್ಪ. ನಲವತ್ತರಿಂದ ಭಾಗಿಸಿದರೆ 25 ಮಿಲಿಮೀಟರ್, ಅಂದರೆ ಎಲೆಕ್ಟ್ರಿಕಲ್ ಅಂಗಡಿಯ ವೈರಿಂಗ್ ಪೈಪು, ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲ. ತಲೆ 3.2 ಮೀಟರ್, ನಮಗೆ 8 ಸೆಂಟಿಮೀಟರ್, ಒಂದು ಲೀಟರ್ ನೀರಿನ ಬಾಟಲಿಯ ಮೇಲ್ಭಾಗ. ಮದುವೆ ಮನೆಯಲ್ಲಿ ಊಟ ಮುಗಿಸಿ ಎಲ್ಲರೂ ಬೀಡ ಹಾಕಿಕೊಳ್ಳುತ್ತಿರುವಾಗ ನಾನು ಮೇಜಿನ ಕೆಳಗೆ ಬಾಟಲಿ ಆಯುವುದನ್ನು ನೋಡಿ ನನ್ನ ಹೆಂಡತಿಯ ತವರಿನವರು ಹಿಂದೆ ಏನೇನೋ ಅಂದುಕೊಂಡಿದ್ದರು. ಈಗ ಅವರೇ ಎತ್ತಿಟ್ಟಿರುತ್ತಾರೆ.

ನಿಜವಾದ ಕೆಲಸ ಶುರುವಾಗುವುದು ಬಣ್ಣಕ್ಕೆ ಕೈ ಹಾಕಿದಾಗ. ರಟ್ಟಿನ ಕೊಳವೆಯ ಮೈಮೇಲೆ ಓರೆಯಾಗಿ ಸುತ್ತಿಕೊಂಡು ಹೋಗುವ ಗೀರೊಂದಿರುತ್ತದೆ. ಬರಿಗಣ್ಣಿಗೆ ಕಾಣುವುದೇ ಇಲ್ಲ. ಪೇಂಟ್ ಬಿದ್ದ ಮೇಲೆ ಮಾತ್ರ ರಾಷ್ಟ್ರೀಯ ಹೆದ್ದಾರಿಯಷ್ಟು ಅಗಲ ಕಾಣುತ್ತದೆ. ಅದಕ್ಕೆ ಪುಟ್ಟಿ ತುಂಬಬೇಕು, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಬೇಕು. ಮೊದಲು 120 ನಂಬರು, ಆಮೇಲೆ 220, ಆಮೇಲೆ 400. ಪ್ರೈಮರ್ ಹೊಡೆದು ನೋಡಿದರೆ ಗೀರು ಇನ್ನೂ ಅಲ್ಲೇ. ಮತ್ತೆ ಪುಟ್ಟಿ, ಮತ್ತೆ ಉಜ್ಜು. ಒಳಗಿಂದ ನನ್ನ ಹೆಂಡತಿ, “ನಡುಮನೆ ಗೋಡೆಗೂ ಅದೇ ಪುಟ್ಟಿನೇ ಅಲ್ವಾ ಬಳಿಯೋದು?” ಅಂತ ಕೇಳುತ್ತಾಳೆ. ಕೇಳುವ ಧಾಟಿಯಲ್ಲೇ ಗೊತ್ತಾಗುತ್ತದೆ, ಅವಳಿಗೆ ಉತ್ತರ ಬೇಕಾಗಿಲ್ಲ.

ನಮ್ಮ ಶಿರಾ ಸೀಮೆಯ ಬಿಸಿಲಿಗೆ ಎನಾಮೆಲ್ ಬೇಗ ಒಣಗುತ್ತದೆ, ಅದೊಂದು ಪುಣ್ಯ. ಆದರೆ ಆಷಾಢದ ಗಾಳಿ ಎದ್ದರೆ ಕೆರೆಯಂಗಳದ ಧೂಳು, ಕಣದ ಹೊಟ್ಟು, ಹೆದ್ದಾರಿಯ ಲಾರಿಗಳು ಎಬ್ಬಿಸಿದ ಮಣ್ಣು, ಎಲ್ಲಕ್ಕೂ ಒದ್ದೆ ರಾಕೆಟ್ಟೇ ಬೇಕು. ಪಕ್ಕದ ಅಜ್ಜ ಹೇಳಿದ್ದು ಬಣ್ಣದ ಮಟ್ಟಿಗಂತೂ ಸತ್ಯ, ಆಷಾಢ ಒಳ್ಳೆಯ ಕೆಲಸಕ್ಕಲ್ಲ. ಇನ್ನು ಥರ್ಮೋಕೋಲಿನ ಸುದ್ದಿಗೆ ಯಾರೂ ಹೋಗಬೇಡಿ. ಸ್ಪ್ರೇ ಪೇಂಟ್ ಬಿದ್ದರೆ ಅದು ಕರಗಿ ಹಳ್ಳ ಬೀಳುತ್ತದೆ. ನಮ್ಮ ಬೀದಿಯ ಹುಡುಗರ ಗಣೇಶನ ಮಂಟಪ ಒಂದು ವರ್ಷ ಹೀಗೇ ಅರ್ಧಕ್ಕರ್ಧ ಮಾಯವಾಗಿತ್ತು.

ಬಾವುಟ ಬರೆಯುವುದಕ್ಕೆ ಎರಡು ಬಣ್ಣ ಸೇರುವ ಕಡೆ ಟೇಪು ಅಂಟಿಸಬೇಕು. ಟೇಪಿನ ಅಂಚಿನೊಳಗೆ ಬಣ್ಣ ನುಸುಳದೆ ಇರಬೇಕಾದರೆ ಮೊದಲು ಕೆಳಗಿರುವ ಬಣ್ಣವನ್ನೇ ಆ ಅಂಚಿಗೆ ಇನ್ನೊಮ್ಮೆ ಸವರಿ, ಒಣಗಿದ ಮೇಲೆ ಹೊಸ ಬಣ್ಣ ಹಾಕಬೇಕು. ಅಶೋಕ ಚಕ್ರದ 24 ಅರೆಗಳು ಬೆರಳುಗುರಿನಷ್ಟು ಜಾಗದಲ್ಲಿ ಕೂರಬೇಕು. ಅಂಗಡಿಯ ಮಿಷನ್ನಿನಲ್ಲಿ ಸ್ಟಿಕರ್ ಪ್ರಿಂಟ್ ತೆಗೆದು ಅಂಟಿಸಬಹುದು. ಹಾಗೆ ಅಂಟಿಸುವವರನ್ನು ನಾನು ಬೈಯುವುದಿಲ್ಲ, ಆದರೆ ಮೊದಲಿನಷ್ಟು ಗೌರವ ಕೊಡುವುದೂ ಇಲ್ಲ.

ಪ್ರೈಮರ್ ಸ್ಪ್ರೇ ಮಾಡಿಸಲು ನಾನು ಹೆದ್ದಾರಿ ಬದಿಯ ಲಾರಿ ಪೇಂಟರ್ ಹತ್ತಿರ ಹೋಗುತ್ತೇನೆ. ಅವನ ಕಂಪ್ರೆಸರ್ ಗನ್ನಿನಲ್ಲಿ ಬಣ್ಣ ಮಂಜಿನ ಹಾಗೆ ಕೂರುತ್ತದೆ. ಕಸುಬುದಾರ, ಒಂದು ಸಲ ರಾಕೆಟ್ಟನ್ನೂ ಗಾಡಿಯಂತೆಯೇ ಗಂಭೀರವಾಗಿ ನೋಡಿದ.

“ಹಿಂದ್ಗಡೆ ಏನ್ ಬರೀಲಣ್ಣ?”

“ಇದಕ್ಕೆ ಹಿಂದ್ಗಡೆ ಅಂತ ಇಲ್ಲಪ್ಪ. ಮೇಲೆ, ಕೆಳಗೆ, ಅಷ್ಟೇ.”

“ಕೆಳಗ್ಗಡೆ ಏನಿರ್ತೈತೆ?”

“ಬೆಂಕಿ.”

ಒಂದು ಗಳಿಗೆ ಯೋಚನೆ ಮಾಡಿ, “ಹಂಗಾದ್ರೆ ‘ಅಂತರವಿರಲಿ’ ಅಂತ ಬರೆದ್ಬಿಡ್ತೀನಿ” ಅಂದ. ಶ್ರೀಹರಿಕೋಟಾದಲ್ಲಿ ರಾಕೆಟ್ ಹೊರಡುವಾಗ ಸುತ್ತ ಕಿಲೊಮೀಟರ್‌ಗಟ್ಟಲೆ ನರಪಿಳ್ಳೆಯನ್ನೂ ಬಿಡುವುದಿಲ್ಲ. ಅಂಥ ದೊಡ್ಡ ಸುರಕ್ಷತಾ ನಿಯಮವನ್ನು ಇವನು ಒಂದೇ ಪದದಲ್ಲಿ ಮುಗಿಸಿದ. ಆ ಒಂದು ಸಲ ನನ್ನ ನಿಯತ್ತು ಸಡಿಲವಾಗಿ, ಬುಡದಲ್ಲಿ ಯಾರಿಗೂ ಕಾಣದ ಕಡೆ ಬರೆಸಿಯೇಬಿಟ್ಟೆ. ತಾವರೆ ಹೂವು, ಎರಡು ಸಿಂಹ, ‘ತಾಯಿಯ ಆಶೀರ್ವಾದ’ ಇವನ್ನೆಲ್ಲ ತಪ್ಪಿಸಿಕೊಂಡು ಬರುವಷ್ಟರಲ್ಲಿ ಸಾಕುಸಾಕಾಯಿತು.

ಬಣ್ಣಕ್ಕೆ ತೂಕವಿದೆ ಅನ್ನುವುದು ಹಾರಿಸುವವರ ಸಂಕಟ. 1981ರಲ್ಲಿ ಅಮೆರಿಕದ ಸ್ಪೇಸ್ ಶಟಲ್ ಮೊದಲ ಎರಡು ಸಲ ಹಾರಿದಾಗ ಅದರ ದೊಡ್ಡ ಇಂಧನ ಟ್ಯಾಂಕಿಗೆ ಅಂದವಾಗಿ ಬಿಳಿ ಬಣ್ಣ ಹೊಡೆದಿದ್ದರು. ಮೂರನೆಯ ಸಲಕ್ಕೆ ಬಣ್ಣ ಬಿಟ್ಟೇಬಿಟ್ಟರು, ಸುಮಾರು 270 ಕಿಲೊ ಉಳಿಯಿತು. ಐದು ಮೂಟೆ ಸಿಮೆಂಟಿಗಿಂತ ಹೆಚ್ಚು! ಆಮೇಲೆ ಕೊನೆಯವರೆಗೂ ಆ ಟ್ಯಾಂಕು ಬಣ್ಣವಿಲ್ಲದೆ, ಕಿತ್ತಳೆ ಫೋಮಿನ ಬರಿಮೈಯಲ್ಲೇ ಹಾರಿತು. ಜರ್ಮನರ ವಿ-2ಕ್ಕೆ ಕಪ್ಪು ಬಿಳುಪು ಚೌಕ ಬರೆದದ್ದೂ ಚಂದಕ್ಕಲ್ಲ. ಮೇಲೇರುವಾಗ ರಾಕೆಟ್ ತನ್ನ ಸುತ್ತ ತಾನೇ ತಿರುಗುತ್ತಿದೆಯೇ ಎಂದು ದೂರದ ಕ್ಯಾಮೆರಾಕ್ಕೆ ಕಾಣಲಿ ಎಂದು. ಹಾರುವವರ ಬಣ್ಣಕ್ಕೆ ಹೀಗೆ ಸದಾ ಒಂದು ಲೆಕ್ಕ. ಗುರುತ್ವಾಕರ್ಷಣೆಯ ಜೊತೆ ನನಗೆ ಜಗಳವಿಲ್ಲ, ಹಾಗಾಗಿ ಮೂರು ಕೋಟು ಬಳಿದು ಮೇಲೆ ವಾರ್ನಿಷ್ ಕೂಡ ಹೊಡೆಯುತ್ತೇನೆ.

ಮುಂದಿನದು ಚಂದ್ರಯಾನ-3 ಹೊತ್ತೊಯ್ದ ಎಲ್‌ವಿಎಂ-3. ಅಕ್ಕಪಕ್ಕದ ಎರಡು ದೊಡ್ಡ ಬೂಸ್ಟರ್‌ಗಳಿಗೆ 8 ಸೆಂಟಿಮೀಟರಿನ ಕೊಳವೆ ಆಗಲೇ ಸಿಕ್ಕಿದೆ. ನಡುವಿನದು ನಿಜದಲ್ಲಿ 4 ಮೀಟರ್, ಅಂದರೆ ನನಗೆ ಬೇಕಾದದ್ದು ಸರಿಯಾಗಿ 10 ಸೆಂಟಿಮೀಟರ್ ದಪ್ಪ, ಮೂರು ಅಡಿ ಉದ್ದದ ರಟ್ಟಿನ ಕೊಳವೆ. ನಿಮ್ಮ ಅಂಗಡಿಯಲ್ಲೋ ಅಟ್ಟದ ಮೇಲೋ ಅಂಥದ್ದು ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಶಿರಾದಿಂದ ಹಿರಿಯೂರಿಗೆ ಹೋಗುವ, ತಾವರೆಕೆರೆಯಲ್ಲಿ ನಿಲ್ಲುವ ಯಾವುದೇ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು, ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿ ಅಂದರೆ ಸಾಕು. ನೀರಿನ ಪಿವಿಸಿ ಪೈಪು ಕಳಿಸಬೇಡಿ, ಅದು 110 ಮಿಲಿಮೀಟರ್ ಇರುತ್ತದೆ, ಲೆಕ್ಕ ತಪ್ಪುತ್ತದೆ.